ಹತ್ತು ಮಾರಿನ ಹಳದಿ ಗಂಟು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬೇಡ ಎಂದು ಅವರು ಹೇಳಿದವರಲ್ಲ. ಹಾಗೆ ಹೇಳಬೇಕೆಂದರೂ ನನ್ನ ಜೊತೆ ಮಾತಾಡಬೇಕಿತ್ತು, ಕೊನೆಯ ನಾಲ್ಕು ವರ್ಷ ಅವರು ನನ್ನ ಜೊತೆ ಮಾತಾಡಲಿಲ್ಲ.

ದುಬೈನ ಸತ್ವಾದಲ್ಲಿ ನಾವಿದ್ದ ವಿಲ್ಲಾದಲ್ಲಿ ಎಲ್ಲರೂ ಅವರನ್ನು ನಾಖುದಾ ಎಂದು ಕರೆಯುತ್ತಿದ್ದರು. ಆ ಕಡೆಯ ಮಾತಿನಲ್ಲಿ ನಾಖುದಾ ಎಂದರೆ ಹಡಗಿನ ಯಜಮಾನ. ಇವರಿಗೆ ಹಡಗಿರಲಿಲ್ಲ, ದೋಣಿಯೂ ಇರಲಿಲ್ಲ. ಇದ್ದದ್ದು ಗ್ಯಾರೇಜೊಂದರಲ್ಲಿ ತೂತಾದ ರೇಡಿಯೇಟರಿಗೆ ಬೆಸುಗೆ ಹಾಕುವ ಕೆಲಸ, ಮತ್ತು ಕಿಡಿ ಹಾರಿ ಹಾರಿ ಚಿರತೆಯ ಮೈಯಂತಾಗಿದ್ದ ಒಂದು ನೀಲಿ ಅಂಗಿ. ಆದರೆ ಶುಕ್ರವಾರ ಬೆಳಗಾದರೆ ಅವರು ನಡೆಯುವ ರೀತಿಯೇ ಬೇರೆಯಾಗುತ್ತಿತ್ತು. ಬಚ್ಚಲಿಗೆ ಹೋಗುವಾಗಲೂ ಕಾಲು ಅಗಲಿಸಿ, ನೆಲ ಅಲುಗಾಡುತ್ತಿದೆಯೇನೋ ಎಂಬಂತೆ ಹೋಗುತ್ತಿದ್ದರು.

ವಿಲ್ಲಾ ಎಂದರೆ ಏನೋ ದೊಡ್ಡದೆಂದು ತಿಳಿಯಬೇಡಿ. ಊರಿಗೆ ಬರೆದ ಕಾಗದಗಳಲ್ಲಿ ಮಾತ್ರ ಅದು ದೊಡ್ಡದಾಗಿತ್ತು. ಹಳೆಯದೊಂದು ನೆಲಮನೆ, ನಡುವೆ ಪ್ಲೈವುಡ್ಡಿನ ಗೋಡೆಗಳು, ಪ್ರತಿ ಕೋಣೆಯಲ್ಲಿ ಒಂದರ ಮೇಲೊಂದು ಮಂಚ. ನಾನು ಗದಗಿನ ಕಡೆಯವನು. ಎಸ್ಸೆಸ್ಸೆಲ್ಸಿ ಮುಗಿಸಿ ಹೊಲಿಗೆ ಕಲಿತು, ತೊಂಬತ್ತರ ದಶಕದ ಮೊದಲಲ್ಲಿ ಅಲ್ಲಿಯ ಒಂದು ಲೇಡೀಸ್ ಟೈಲರ್ ಅಂಗಡಿಗೆ ಬಂದವನು. ಸಮುದ್ರವನ್ನು ಮೊಟ್ಟಮೊದಲು ಕಂಡದ್ದು ವಿಮಾನದ ಕಿಟಕಿಯಿಂದ. ನಾಖುದಾ ಕುಂದಾಪುರದ ಕಡೆಯ ಕಡಲ ದಂಡೆಯವರು, ನನಗಿಂತ ಹನ್ನೆರಡು ವರ್ಷ ಹಿರಿಯರು, ಒಂದು ಅಡಿ ಎತ್ತರ.

ಒಂದೇ ವಿಲ್ಲಾದಲ್ಲಿದ್ದರೂ ನಮ್ಮ ಪರಿಚಯವಾದದ್ದು ಕಸದ ಬುಟ್ಟಿಯಿಂದ. ಒಂದು ಸಂಜೆ ಅಂಗಡಿಗೆ ಬಂದು, ನನ್ನ ಮೇಜಿನ ಕೆಳಗೆ ಬಗ್ಗಿ, ಕತ್ತರಿಸಿ ಬಿಸಾಡಿದ್ದ ಚೂರುಗಳನ್ನು ಕೆದಕತೊಡಗಿದರು.

"ಏನ್ ಹುಡುಕಾಕತ್ತೀರಿ ಅಣ್ಣಾರ?"

"ಈ ಹೊಳೂದ್ ಕಾಣಿ, ಇದ್ ಬಿಸಾಡುದಾ?" ಅವರ ಕೈಯಲ್ಲಿ ಯಾವುದೋ ಮದುಮಗಳ ಉಡುಪಿನ ಜರಿಯ ಚೂರಿತ್ತು.

"ಬಿಸಾಡೂದ್ರಿ. ನಿಮಗ್ಯಾಕದು?"

"ನಂಗಲ್ಲ ಮಾರಾಯ್ರೆ, ಮೀನಿಗೆ. ಅವಕ್ಕೂ ಸಮಾ ಬಟ್ಟೆ ಬೇಡ್ದಾ?"

ಆಮೇಲೆ ಕಿಸೆಯಿಂದ ಒಂದು ಡಬ್ಬಿ ತೆಗೆದು ತೋರಿಸಿದರು. ಒಳಗೆ ಸಣ್ಣ ಸಣ್ಣ ಗಾಳಗಳು. ಒಂದೊಂದರ ಕುತ್ತಿಗೆಗೂ ಸೀಸದ ಪುಟ್ಟ ತಲೆ, ಕೆಲವು ಕಡಲೆಕಾಳಿನಷ್ಟು, ಕೆಲವು ಅವರೆಕಾಳಿನಷ್ಟು. ಗ್ಯಾರೇಜಿಗೆ ಬರುವ ಬಿಳಿಯರು ಇವಕ್ಕೆ ಜಿಗ್ ಅನ್ನುತ್ತಿದ್ದರಂತೆ. ನಾಖುದಾ ಮರಿ ಅನ್ನುತ್ತಿದ್ದರು. ನೀರಿನಲ್ಲಿ ಮೀನಿನ ಮರಿಯಂತೆ ಓಡಬೇಕಾದ್ದರಿಂದ ಆ ಹೆಸರು. ತಲೆ ಮಾಡಲು ಅವರಿಗೆ ಬರುತ್ತಿತ್ತು, ಬಾಲ ಮಾಡಲು ಬರುತ್ತಿರಲಿಲ್ಲ. ಅವರು ಕಟ್ಟಿದ ಬಾಲಗಳು ಹಳೆಯ ಕಸಬರಿಗೆಯಂತಿದ್ದವು. ನಾನು ಒಂದನ್ನು ತೆಗೆದುಕೊಂಡು, ಜರಿಯನ್ನು ಹನ್ನೊಂದು ಸುತ್ತು ಸುತ್ತಿ, ಗುಂಡಿಮನೆ ಹೊಲಿಯುವ ಗಂಟು ಹಾಕಿ ಕೊಟ್ಟೆ. ಅವರು ಅದನ್ನು ದೀಪಕ್ಕೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಘಟ್ಟದ ಮೇಲಿನವ್ರಿಗೂ ಬುದ್ಧಿ ಇತ್ತ್ ಅಂದಾಯ್ತ್," ಎಂದರು. ನನ್ನ ಕೈಕೆಲಸಕ್ಕೆ ಅವರ ಬಾಯಿಂದ ಬಂದ ಹೊಗಳಿಕೆ ಅದೊಂದೇ.

ಸೀಸವನ್ನು ಅವರು ಟಯರ್ ಅಂಗಡಿಯಿಂದ ತರುತ್ತಿದ್ದರು. ಚಕ್ರದ ತೂಕ ಸರಿಮಾಡಲು ಅಂಚಿಗೆ ಬಡಿಯುತ್ತಾರಲ್ಲ, ಆ ತುಂಡುಗಳು, ಉದುರಿದವು. ಗುರುವಾರ ಸಂಜೆ ಗ್ಯಾರೇಜಿನ ಹಿಂಭಾಗದಲ್ಲಿ ಅವನ್ನು ಒಂದು ತಗಡಿನ ಡಬ್ಬಿಗೆ ಹಾಕಿ, ರೇಡಿಯೇಟರಿನ ಗ್ಯಾಸ್ ಬತ್ತಿಯಿಂದ ಕರಗಿಸಿ, ತಾವೇ ಅರದಿಂದ ಕೊರೆದ ಅಚ್ಚಿಗೆ ಹೊಯ್ಯುತ್ತಿದ್ದರು. ಹೊಯ್ಯುವಾಗ ಯಾರೂ ಮಾತಾಡಕೂಡದು, ಮಾತಾಡಿದರೆ ಸೀಸದಲ್ಲಿ ಗುಳ್ಳೆ ಏಳುತ್ತದೆ ಎಂಬುದು ಅವರ ಸಿದ್ಧಾಂತ. ನಾವು ಬಾಯಿ ಮುಚ್ಚಿಕೊಂಡಿರುತ್ತಿದ್ದೆವು. ಅವರು ಮಾತ್ರ ಮೊದಲಿನಿಂದ ಕೊನೆಯವರೆಗೆ ಮಾತಾಡುತ್ತಿದ್ದರು. ಗುಳ್ಳೆ ಎದ್ದರೆ ನನ್ನ ಕಡೆ ನೋಡುತ್ತಿದ್ದರು.

ದೋಣಿ ಒಬ್ಬ ಸ್ಥಳೀಯ ಹಿರಿಯರದ್ದು. ಅವರ ಹಳೆಯ ಜೀಪು ಮರುಭೂಮಿಯಲ್ಲಿ ಪದೇ ಪದೇ ಕುದಿದು ನಿಲ್ಲುತ್ತಿತ್ತು. ನಾಖುದಾ ಅದನ್ನು ಕುದಿಯದಂತೆ ಮಾಡಿದ ಮೇಲೆ, ಶುಕ್ರವಾರ ಬೆಳಿಗ್ಗೆ ಆ ಹಿರಿಯರು ನಾಖುದಾರನ್ನೂ ಆಮೇಲೆ ನನ್ನನ್ನೂ ಕಡಲಿಗೆ ಕರೆದುಕೊಂಡು ಹೋಗುವ ರೂಢಿ ಬೆಳೆಯಿತು. ನಾವು ಅವರನ್ನು ಅರ್ಬಾಬ್, ಅಂದರೆ ಯಜಮಾನರು, ಎನ್ನುತ್ತಿದ್ದೆವು. ಜುಮೇರಾದ ಸಣ್ಣ ಮೀನು ಬಂದರಿನಿಂದ ಹೊರಟು ಮಧ್ಯಾಹ್ನದ ನಮಾಜಿಗೆ ಮೊದಲು ಮರಳಬೇಕು. ಅರ್ಬಾಬರು ಎಂಜಿನ್ ಹಿಡಿದು ಕೂರುತ್ತಿದ್ದರು, ಪಕ್ಕದಲ್ಲಿ ಕಾವಾ, ಅಂದರೆ ಅರಬಿ ಕಾಫಿ, ತುಂಬಿದ ಫ್ಲಾಸ್ಕು. ದೋಣಿ ಅವರದ್ದಾದರೂ ಹುಕುಂ ನಾಖುದಾರದ್ದು. "ಶೋಯ್ ಶೋಯ್, ಅರ್ಬಾಬ್! ಆಹಿಸ್ತಾ!" ಎಂದು ಅರಬಿ ಹಿಂದಿ ಎರಡರಲ್ಲೂ ನಿಧಾನ ಮಾಡಿಸುತ್ತಿದ್ದರು. ಎಷ್ಟು ನಿಧಾನ ಎಂದರೆ, ಅವರದೇ ಮಾತಿನಲ್ಲಿ, "ಅಜ್ಜಿ ದೇವಸ್ಥಾನಕ್ಕೆ ಹೋಪಂಗೆ."

ದೋಣಿಯ ಹಿಂದೆ ಮೂರು ದಾರ ಬಿಡುತ್ತಿದ್ದರು. ಒಂದು ಐದು ಮಾರು, ಒಂದು ಹತ್ತು, ಒಂದು ಹದಿನೈದು. ಮಾರು ಎಂದರೆ ಎರಡೂ ಕೈ ಚಾಚಿದಾಗ ಬೆರಳ ತುದಿಯಿಂದ ಬೆರಳ ತುದಿಗೆ ಆಗುವ ಅಳತೆ. ಉದ್ದ ಬಿಟ್ಟಷ್ಟೂ, ಸೀಸ ದಪ್ಪವಾದಷ್ಟೂ ಮರಿ ಆಳಕ್ಕೆ ಹೋಗುತ್ತದೆ. ದೋಣಿ ವೇಗ ಹಿಡಿದರೆ ಮೇಲಕ್ಕೇಳುತ್ತದೆ. ಅಳತೆ ತಿಳಿಯಲು ದಾರಕ್ಕೆ ಬಣ್ಣದ ನೂಲಿನ ಗಂಟು: ಐದಕ್ಕೆ ಕೆಂಪು, ಹತ್ತಕ್ಕೆ ಹಳದಿ, ಹದಿನೈದಕ್ಕೆ ಹಸಿರು.

"ಮೂರ್ ಯಾಕ್ರಿ? ಒಂದರಾಗ ಹಿಡಿದ್ರ ಆಗೂದಿಲ್ಲೇನು?" ಎಂದು ಮೊದಲ ದಿನ ಕೇಳಿದ್ದೆ.

"ನಿಮ್ಮ ಕೋಣಿಯಂಗೆ ಎಲ್ಲರೂ ಒಂದೇ ಕಡೆ ಮಲ್ಕಂತ್ರಾ? ಒಬ್ಬ ಮೇಲಿನ ಮಂಚ, ಒಬ್ಬ ಕೆಳಗಿನ ಮಂಚ, ಒಬ್ಬ ನೆಲದಂಗೆ. ಮೀನೂ ಹಾಂಗೇ. ಚಳಿ ಇಪ್ಪತಿಗೆ ಒಂದ್ ಕಡೆ, ಸೆಕೆಯಂಗೆ ಒಂದ್ ಕಡೆ. ಊಟ ಕೊಡೂಕ್ ಹೋದವ ಮಂಚ ತಪ್ಪಿ ಕೊಟ್ರೆ ಯಾರ್ ತಿಂತ್ರ್?"

ಆ ದಿನ ನನಗೆ ಹೆಚ್ಚು ಕೇಳಲು ಆಗಲಿಲ್ಲ. ಬಂದರು ದಾಟುವ ಮೊದಲೇ ವಾಂತಿಯಾಯಿತು. ಅರ್ಬಾಬರ ಕಾವಾ ಲೋಟಕ್ಕೇ ಆಯಿತು ಎಂದು ನಾಖುದಾ ಹೇಳುತ್ತಿದ್ದುದು ಸುಳ್ಳು. ಲೋಟದ ಪಕ್ಕಕ್ಕೆ ಆದದ್ದು. ಆದರೆ ವಿಲ್ಲಾದಲ್ಲಿ ಶುಕ್ರವಾರದ ಮೀನುಸಾರಿನ ಜೊತೆ ಈ ಕಥೆ ಉಪ್ಪಿನಕಾಯಿಯಂತೆ ತಪ್ಪದೆ ಬರುತ್ತಿತ್ತು. ಪ್ರತಿವಾರ ಲೋಟ ಸ್ವಲ್ಪ ದೊಡ್ಡದಾಗುತ್ತಿತ್ತು.

ಅವರ ಜಂಬಗಳನ್ನು ಹೇಳಿದರೆ ಮುಗಿಯುವುದಿಲ್ಲ. ಮೀನನ್ನು ಕೈಯಲ್ಲಿ ತೂಗಿ ಹೇಳಿದ ತೂಕ ಯಾವಾಗಲೂ ನಿಜಕ್ಕಿಂತ ಕಾಲು ಕಿಲೋ ಹೆಚ್ಚು. ತಕ್ಕಡಿ ತಂದರೆ ತಕ್ಕಡಿಗೆ ಬೈಯುವರು. ಅಂಗಡಿಯ ಮೀನನ್ನು ಮುಟ್ಟುತ್ತಿರಲಿಲ್ಲ, ಅದು ಐಸಿನಲ್ಲಿ ಸತ್ತದ್ದಂತೆ, ಸಮುದ್ರದಲ್ಲಿ ಸತ್ತದ್ದಲ್ಲವಂತೆ. ಹೆಂಡತಿಗೆ ವಾರಕ್ಕೊಂದು ಫೋನು, ಅದರಲ್ಲಿ ಮುಕ್ಕಾಲು ಭಾಗ ಯಾವ ಗಂಟಿನಲ್ಲಿ ಯಾವ ಮೀನು ಕಚ್ಚಿತು ಎಂಬ ವರದಿ. "ಹೂಂ, ಊಟ ಮಾಡಿದ್ರ್ಯಾ?" ಎಂದು ಆಕೆ ಅತ್ತಲಿಂದ ಕೇಳುವುದು ನಮಗೂ ಕೇಳಿಸುತ್ತಿತ್ತು.

ದಾರ ಹಿಡಿಯಲು ನನಗೆ ಕೊಡುತ್ತಿರಲಿಲ್ಲ. ಹೆಚ್ಚೆಂದರೆ ಐದು ಮಾರಿನದ್ದು, ಅದರಲ್ಲಿ ಮೀನು ಬೀಳುವುದೇ ಅಪರೂಪ. ಹತ್ತು ಮಾರಿನ ನಡುವಿನ ದಾರ ಅವರದ್ದೇ. ಅದನ್ನು ತೋರುಬೆರಳಿನ ಮೇಲೆ ಇಟ್ಟುಕೊಂಡು ಕಣ್ಣುಮುಚ್ಚಿ ಕೂತರೆ, ಮೀನು ಕಚ್ಚುವುದಕ್ಕೆ ಮೊದಲೇ "ಬಂತ್" ಅನ್ನುತ್ತಿದ್ದರು. ನಾನು ಪರೀಕ್ಷಿಸಿದ್ದೇನೆ. ಹತ್ತರಲ್ಲಿ ಎಂಟು ಸಲ ನಿಜವಾಗುತ್ತಿತ್ತು.

ನನ್ನ ತಪ್ಪಿಗೆ ಬರುತ್ತೇನೆ. ಇಷ್ಟು ಹೊತ್ತು ಅವರ ಕಾಲೆಳೆದದ್ದು ಅದನ್ನು ತುಸು ಮುಂದೂಡಲು.

ಒಂದು ಶುಕ್ರವಾರ ಬಂಗುಡೆಯ ಜೊತೆ ಎರಡು ಒಳ್ಳೆಯ ಅಂಜಲ್ ಸಿಕ್ಕಿದ್ದವು. ಬಂದರಿನಲ್ಲಿ ಅರ್ಬಾಬರ ತಮ್ಮ ಅಬುಧಾಬಿಯಿಂದ ಬಂದು ಕಾಯುತ್ತಿದ್ದರು. ಮೀನಿನ ಬಾಯಿಂದ ಮರಿಯನ್ನು ಬಿಡಿಸಿ, ನವಿಲು ಬಣ್ಣದ ಅದರ ಬಾಲವನ್ನು ಬೆರಳಲ್ಲಿ ಸವರಿ, "ಕಿಸ್ನೇ ಬನಾಯಾ?" ಯಾರು ಮಾಡಿದ್ದು ಎಂದು ಕೇಳಿದರು. ನಾನು ಹಿಂದೆ ಐಸ್ ಪೆಟ್ಟಿಗೆ ಹೊತ್ತು, ಒದ್ದೆ ಪ್ಯಾಂಟಿನಲ್ಲಿ ನಿಂತಿದ್ದೆ. ಆ ಬಾಲಕ್ಕೆ ಎರಡು ಸಂಜೆ ಕೂತಿದ್ದೆ.

ನಾಖುದಾ ಎದೆಗೆ ಕೈ ಬಡಿದುಕೊಂಡು, "ಅನಾ!" ಎಂದರು. ನಾನೇ ಎಂದು.

ಅಷ್ಟೇ. ಕೆಟ್ಟ ಉದ್ದೇಶದಿಂದ ಅಂದದ್ದಲ್ಲ, ಗಡಿಬಿಡಿಯಲ್ಲಿ ಜಂಬ ಬಾಯಿಗೆ ಬಂದಿತ್ತು. ಲೋಟದ ಕಥೆಯನ್ನು ನಾನು ನೂರು ಸಲ ನುಂಗಿದ್ದೆ. ಇದನ್ನು ನುಂಗಲಾಗಲಿಲ್ಲ.

ಮುಂದಿನ ಚಳಿಗಾಲದ ಹೊತ್ತಿಗೆ ಬಸ್ಸೊಂದರ ರೇಡಿಯೇಟರ್ ಎತ್ತಲು ಹೋಗಿ ಅವರ ಬಲ ಭುಜ ಹಿಡಿದುಕೊಂಡಿತು. ಕೈ ಎದೆಯ ಮಟ್ಟಕ್ಕಿಂತ ಮೇಲೇಳದು, ಚಾಚಲು ಬಾರದು. ಹಳೆಯ ನೈಲಾನ್ ದಾರಗಳು ಬಿಸಿಲಿಗೆ ಒಣಗಿ ಲಟಲಟ ತುಂಡಾಗುತ್ತಿದ್ದವು. ಹೊಸ ದಾರದ ಮೂರು ಸುರುಳಿ ತೆಗೆದುಕೊಂಡು ಅಂಗಡಿಗೆ ಬಂದರು.

"ನೋಡ್ ಮಾರಾಯ, ಕೈ ಬಿಡಿಸೂಕ್ ಆತಿಲ್ಲೆ. ನನ್ನ ಮಾರ್ ಅಳ್ದ್ ಗಂಟ್ ಕಟ್ಟಿ ಕೊಡ್."

ಎಡಗೈ ಚಾಚಲು ಹೇಳಿ, ಎದೆಯ ನಡುವಿನಿಂದ ಬೆರಳ ತುದಿಗೆ ಟೇಪು ಹಿಡಿದೆ. ಮೂವತ್ತಾರು ಇಂಚು. ಬಟ್ಟೆ ಮಡಚಿ ಕತ್ತರಿಸುವವನಿಗೆ ಅರ್ಧ ಸಿಕ್ಕರೆ ಪೂರ್ತಿ ಸಿಕ್ಕ ಹಾಗೆ. ಎಪ್ಪತ್ತೆರಡು ಎಂದು ಚೀಟಿಯಲ್ಲಿ ಬರೆದುಕೊಂಡೆ.

"ಸಮಾ ಕಟ್ಟ್. ಒಂದ್ ಅಡಿ ಆಚೀಚೆ ಆರೂ ಮೀನಿಗ್ ಗೊತ್ತಾತ್ತ್."

"ನನಗೂ ಗೊತ್ತಾಕ್ಕೈತ್ರಿ," ಎಂದೆ.

ಅವರು ಹೋದ ಮೇಲೆ ಟೇಪನ್ನು ನನ್ನ ಎದೆಗೇ ಹಿಡಿದುಕೊಂಡೆ. ಮೂವತ್ತೊಂದು. ಅಂದರೆ ನನ್ನ ಮಾರು ಅರವತ್ತೆರಡು ಇಂಚು. ಆ ಚೀಟಿಯನ್ನು ಮಡಚಿ ಬದಿಗಿಟ್ಟು, ಮೂರೂ ದಾರಗಳಿಗೆ ನನ್ನ ಮಾರಿನಲ್ಲಿ ಅಳೆದು ಗಂಟು ಕಟ್ಟಿದೆ. ಇದೂ ಮಾರೇ ಅಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ. ಹತ್ತು ಮಾರಿಗೆ ನೂರು ಇಂಚು ಕಡಿಮೆ. ಈ ಲೆಕ್ಕ ಗಂಟು ಕಟ್ಟುವಾಗಲೇ ನನಗೆ ಗೊತ್ತಿತ್ತು. ಗಂಟುಗಳು ಮಾತ್ರ ಬಹಳ ಚೆನ್ನಾಗಿ ಬಂದವು.

ಮೊದಲ ಶುಕ್ರವಾರ ಆರು ಬಂಗುಡೆ, ಅಷ್ಟೇ. ನಾಖುದಾ ಗಾಳಿಯನ್ನು ಬೈದರು. ಎರಡನೆಯ ವಾರ ಮೂರು. ಬಾಲದ ಬಣ್ಣ ಬದಲಾಯಿಸಿದರು. ಮೂರನೆಯ ವಾರ ಅರ್ಬಾಬರ ಎಂಜಿನನ್ನು ಬೈದರು, ಅಜ್ಜಿಯ ನಡಿಗೆಯನ್ನು ಮುತ್ತಜ್ಜಿಯ ನಡಿಗೆ ಮಾಡಿಸಿದರು. ಸೀಸದ ತಲೆಗಳನ್ನು ಮತ್ತೆ ಹೊಯ್ದರು, ಈ ಸಲ ನಿಜವಾಗಿ ಮಾತಾಡದೆ. ಪಕ್ಕದ ದೋಣಿಗಳಿಗೆ ಮೀನು ಬೀಳುತ್ತಿತ್ತು. ಚಳಿಯ ನೀರಿನಲ್ಲಿ ಮೀನು ಹತ್ತು ಮಾರಿನಲ್ಲಿ ಇರುತ್ತದೆ ಎಂದು ಅವರಿಗೆ ಗೊತ್ತಿತ್ತು. ನಮ್ಮ ನಡುವಿನ ಮರಿ ಅವುಗಳ ತಲೆಯ ಮೇಲೆ, ಉದ್ದದ ದಾರದ್ದು ಹೊಟ್ಟೆಯ ಕೆಳಗೆ ಮೆರವಣಿಗೆ ಹೋಗುತ್ತಿದ್ದವು. ಅವರು ಗಾಳಿ, ನೀರು, ಎಂಜಿನ್, ಜರಿ, ಸೀಸ, ಎಲ್ಲದರ ಮೇಲೂ ಅನುಮಾನಪಟ್ಟರು. ಟೈಲರನ ಟೇಪಿನ ಮೇಲೆ ಒಂದು ದಿನವೂ ಪಡಲಿಲ್ಲ.

"ನಾಖುದಾ, ಸಮಕ್ ಮಾಫಿ?" ಮೀನಿಲ್ಲವೇ ಎಂದು ಅರ್ಬಾಬರು ನಗುತ್ತ ಕೇಳಿದರೆ ಅವರು ಮೊದಲೆಲ್ಲ ಒಂದಕ್ಕೆರಡು ಉತ್ತರ ಕೊಡುತ್ತಿದ್ದರು. ಆಮೇಲೆ ಕೊಡಲಿಲ್ಲ.

ಐದನೆಯ ವಾರ ನಡುವಿನ ದಾರವನ್ನು ನನ್ನ ಕೈಗೆ ಕೊಟ್ಟರು. "ಹಿಡಿ. ನಂಗೆ ಎಂತದೂ ಗೊತ್ತಾತಿಲ್ಲೆ."

ಮೂರು ವರ್ಷದಿಂದ ನಾನು ಆಸೆಪಟ್ಟ ದಾರ. ಬೆರಳಿನ ಮೇಲಿಟ್ಟುಕೊಂಡು, ಅವರಂತೆಯೇ ಕಣ್ಣುಮುಚ್ಚಿದೆ. ನನ್ನ ಗಂಟು, ನನ್ನ ಮಾರು, ನನ್ನ ಕೈ. ಒಂದು ಮೀನೂ ಬೀಳಲಿಲ್ಲ. ಆದರೂ ಅದನ್ನು ಹಿಡಿದು ಕೂರುವುದು ನನಗೆ ಇಷ್ಟವಾಗುತ್ತಿತ್ತು, ಇದನ್ನೂ ಹೇಳಿಬಿಡಬೇಕು. ದಾರಗಳ ಚೀಲ ವಾರವಿಡೀ ನನ್ನ ಮಂಚದ ಕೆಳಗೇ ಇರುತ್ತಿತ್ತು. ಗಂಟು ಬಿಚ್ಚಿ ಸರಿಯಾಗಿ ಕಟ್ಟಲು ಅರ್ಧ ತಾಸು ಸಾಕಿತ್ತು. ಕಟ್ಟಲಿಲ್ಲ. ಮೀನು ಒಮ್ಮೆಲೇ ಬೀಳತೊಡಗಿದರೆ ಅವರು ದಾರ ಅಳೆದು ನೋಡಿಯಾರು ಎಂಬ ಹೆದರಿಕೆ ಒಂದು. ಬಿದ್ದರೆ ದಾರವನ್ನು ವಾಪಸು ಕೇಳಿಯಾರು ಎಂಬುದು ಇನ್ನೊಂದು.

ಏಳನೆಯ ಶುಕ್ರವಾರ ಬಂದರಿಗೆ ಬಂದು ಇಳಿದಾಗ ಅವರು ತಮ್ಮ ಕೈಯನ್ನೇ ತಿರುಗಿಸಿ ನೋಡಿಕೊಂಡರು.

"ಕೈ ಹೋಯ್ತ್ ಮಾರಾಯ," ಎಂದರು. "ಭುಜ ಅಲ್ಲ. ಕೈ."

"ಹಂಗೇನಿಲ್ರಿ ಅಣ್ಣಾರ. ಮುಂದಿನ ವಾರ ನೋಡೂಣಂತ."

"ಖಲಾಸ್."

ಮರಿಗಳ ಡಬ್ಬಿಯನ್ನು ಅರ್ಬಾಬರಿಗೆ ಒಪ್ಪಿಸಿದರು. ಅರ್ಬಾಬರು ಬೇಡವೆಂದರೂ ಅವರ ತೊಡೆಯ ಮೇಲಿಟ್ಟು ಬಂದರು. ಶುಕ್ರವಾರಗಳಲ್ಲಿ ಕೆಳಗಿನ ಮಂಚದ ಮೇಲೆ ಗೋಡೆಗೆ ಮುಖಮಾಡಿ ಮಲಗತೊಡಗಿದರು. ಹೆಂಡತಿಗೆ ಮಾಡುವ ಫೋನು ಎರಡು ನಿಮಿಷಕ್ಕೆ ಮುಗಿಯತೊಡಗಿತು. ಒಂದು ಶುಕ್ರವಾರ ವಿಲ್ಲಾದವರು ಅಂಗಡಿಯ ಮೀನು ತಂದು ಸಾರು ಮಾಡಿದರು. ನಾಖುದಾ ಎದ್ದುಬಂದು, ಏನೂ ಬೈಯದೆ, ಉಂಡರು. ಯಾರೂ ಲೋಟದ ಕಥೆ ಹೇಳಲಿಲ್ಲ. ಆ ಕಥೆಗಾಗಿ ನಾನು ಅವತ್ತು ಏನು ಬೇಕಾದರೂ ಕೊಡುತ್ತಿದ್ದೆ. ವರ್ಷ ತುಂಬುವುದರೊಳಗೆ ವೀಸಾ ರದ್ದು ಮಾಡಿಸಿಕೊಂಡು ಊರಿಗೆ ಹೊರಟರು. ಇನ್ನೂ ಐದು ವರ್ಷ ದುಡಿಯಬಹುದಿತ್ತು. ವಿಮಾನ ನಿಲ್ದಾಣದಲ್ಲಿ ನನ್ನ ಬೆನ್ನು ತಟ್ಟಿ, "ನೀ ಒಳ್ಳೇವ. ನನ್ನ ಸಂಗ್ತಿಗೆ ಬರಿಗೈಯಂಗೆ ಏಳ್ ವಾರ ಬಂದ್ಯಲೆ," ಎಂದರು.

ಆ ಮಾತನ್ನು ಹೊತ್ತುಕೊಂಡು ಆರು ವರ್ಷ ಕಳೆದೆ. ಅಷ್ಟರಲ್ಲಿ ಹೆಂಡತಿ ಮಕ್ಕಳನ್ನು ಕರೆಸಿಕೊಂಡು ಅಲ್ ಕುಸೈಸಿನ ಫ್ಲಾಟಿಗೆ ಹೋಗಿದ್ದೆ. ಒಂದು ದಿನ ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ಫೋನ್ ಕಾರ್ಡ್ ಕೆರೆದು ಅವರ ಊರಿನ ನಂಬರ್ ಒತ್ತಿದೆ. ಅವರೇ ಎತ್ತಿದರು. ಕ್ಷೇಮಸಮಾಚಾರ ಮುಗಿಯುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟೆ.

ಕಾರ್ಡಿನ ನಿಮಿಷ ಮುಗಿಯಿತೇನೋ ಎಂದುಕೊಂಡೆ.

"ನಡುವಿಂದಾ?"

"ಮೂರೂ ರೀ."

"ಹತ್ತಕ್ ಎಷ್ಟ್ ಕಮ್ಮಿ?"

"ಎಂಟ್ ಅಡಿ ನಾಕ್ ಇಂಚ್ ರೀ."

"ಎಂಟಡಿ! ಹಂಗಾರೆ ಮೀನ್ ಅಡಿಯಂಗೇ ಇದ್ದಿತ್ತ್!" ಆಮೇಲೆ ಫೋನನ್ನು ಬಾಯಿಂದ ದೂರ ಹಿಡಿದು ಹೆಂಡತಿಗೆ ಕೂಗಿದ್ದು ಕೇಳಿಸಿತು. "ಹೋಯ್, ಕೇಂಡ್ಯಾ? ನನ್ನ ಕೈ ಹೋಯ್ಲಿಲ್ಲೆ! ಕೈ ಸಮಾ ಇದ್ದಿತ್ತ್!"

ಅಷ್ಟು ಸಂತೋಷದ ದನಿಯನ್ನು ನಾನು ಅವರಲ್ಲಿ ಕೇಳಿರಲಿಲ್ಲ, ಅಂಜಲ್ ಬಿದ್ದ ದಿನವೂ. ನನಗೂ ಧೈರ್ಯ ಬಂತು. "ಅಣ್ಣಾರ, ಅವತ್ತ ನೀವು 'ಅನಾ' ಅಂದ್ರಲ್ರಿ, ಅದಕ್ಕ ಸಿಟ್ಟ ಬಂದಿತ್ತು. ಮತ್ತ ನನ್ನ ಮಾರೂ ಮಾರೇ ಅಲ್ರಿ..."

"ಫೋನ್ ಇಡ್," ಎಂದರು.

ಅಂದಿನಿಂದ ಎರಡು ಮೂರು ತಿಂಗಳಿಗೊಮ್ಮೆ ಫೋನ್ ಮಾಡುತ್ತಿದ್ದೆ. ಯಾವಾಗಲೂ ಅವರ ಹೆಂಡತಿಯೇ ಎತ್ತುತ್ತಿದ್ದರು. ಯಾವಾಗಲೂ ಒಂದೇ ಉತ್ತರ: "ಹೊಳಿಗ್ ಹೋಯಿದ್ರ್." ಅದರಲ್ಲಿ ಸ್ವಲ್ಪ ನಿಜವಿತ್ತು. ನನ್ನ ಫೋನ್ ಬಂದ ಮರುವಾರವೇ ಅವರು ಮತ್ತೆ ಸೀಸ ಕರಗಿಸಿದರಂತೆ, ಯಾರದೋ ಸಣ್ಣ ದೋಣಿ ಹಿಡಿದು ಹೊಳೆಬಾಯಿಯಲ್ಲಿ ಮೂರು ದಾರ ಬಿಟ್ಟುಕೊಂಡು ತಿರುಗತೊಡಗಿದರಂತೆ. ಇದನ್ನು ಆಕೆಯೇ ಹೇಳಿದರು. ಆದರೆ ಒಮ್ಮೆ ಆಷಾಢದಲ್ಲಿ, ಹಂಚಿನ ಮೇಲೆ ಮಳೆ ಬೀಳುವ ಸದ್ದು ನನ್ನ ಕಿವಿಗೆ ಬೀಳುತ್ತಿರುವಾಗಲೂ ಹೊಳೆಗೆ ಹೋಗಿದ್ದರು. ಹಿಂದಿನಿಂದ ಒಂದು ಗಂಡಸಿನ ಕೆಮ್ಮು ಕೇಳಿಸಿತು. ನಾನು, "ಆತ್ರಿ ಅಕ್ಕಾರ, ಹ್ಯಾಂಗದಾರ ಅಂತ ಕೇಳಿದೆ ಅಂತ ಹೇಳ್ರಿ," ಎಂದು ಇಟ್ಟೆ.

ಅವರು ತೀರಿಹೋದ ಸುದ್ದಿ ಬಂದದ್ದು ವಿಲ್ಲಾದ ಹಳೆಯ ಗೆಳೆಯನೊಬ್ಬನಿಂದ. ಹದಿನೈದು ದಿನ ತಡೆದು ಫೋನ್ ಮಾಡಿದೆ. ಆಕೆ ಅಳಲಿಲ್ಲ. ಕೊನೆಯ ವಾರದವರೆಗೂ ದೋಣಿಗೆ ಹೋಗುತ್ತಿದ್ದರು ಎಂದರು.

"ನಿಮಗ್ ಒಂದ್ ಹೇಳ್ಕ್," ಎಂದರು ಆಮೇಲೆ. "ನೀವ್ ಫೋನ್ ಮಾಡ್ದಾಗ ಅವ್ರ್ ಸುಮಾರ್ ಸಲ ಇಲ್ಲೇ ಕೂಕಂಡಿರ್ತಿದ್ರ್."

"ಗೊತ್ತೈತ್ರಿ ಅಕ್ಕಾರ."

"ಫೋನ್ ಇಟ್ಟದ್ದೇ ಕೇಂತಿದ್ರ್, 'ಎಂತ ಅಂದ ಅವ?' ಅಂದೇಳಿ. 'ಹ್ಯಾಂಗಿದ್ರ್ ಅಂದ್ ಕೇಂಡ್ರ್' ಅಂತಿದ್ದೆ. 'ಅಷ್ಟೇಯಾ? ಬೇರೆ ಎಂತ ಹೇಳ್ಲಿಲ್ಲ್ಯಾ?' 'ಇಲ್ಲೆ.' ಎದ್ದ್ ಹೊರಗ್ ಹೋತಿದ್ರ್. ಪ್ರತೀ ಸಲ ಅದೇ."

ನನಗೆ ಆಗ ಹೊಳೆಯಿತು. ಮೊದಲ ಫೋನಿನಲ್ಲಿ ನಡೆದದ್ದನ್ನೆಲ್ಲ ಹೇಳಿದ್ದೆ. ಇಂಚು ಸಮೇತ ಹೇಳಿದ್ದೆ. ಕಾರಣ ಹೇಳಿದ್ದೆ, ನೆಪವನ್ನೂ ಹೇಳಿದ್ದೆ. ತಪ್ಪಾಯಿತು ಎಂದು ಮಾತ್ರ ಹೇಳಿರಲಿಲ್ಲ. ಆಮೇಲಿನ ನಾಲ್ಕು ವರ್ಷ ಆ ಮಾತನ್ನು, ಅವರು ಫೋನಿಗೆ ಬಂದಾಗ ಅವರಿಗೇ ಹೇಳಬೇಕೆಂದು ಇಟ್ಟುಕೊಂಡು ಕೂತಿದ್ದೆ.

"ತಪ್ಪಾತ್ರಿ ಅಕ್ಕಾರ," ಎಂದೆ. "ನನ್ನದು ದೊಡ್ಡ ತಪ್ಪಾತು."

"ನಂಗ್ ಎಂತಕ್ಕ್ ಹೇಳ್ತ್ರಿ?" ಎಂದರು.